ಒಂದು, ಎರಡನೇ ಕ್ಲಾಸಿನ ದಿನ ಕಟ್ಟುವುದು ಹೇಗೆ? ಮುಂಬಯಿಯ ಕನ್ನಡ ಟೀಚರುಗಳೂ ಪಾಲಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬಯಿ ಉಪನಗರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂದು, ಎರಡನೇ ಕ್ಲಾಸಿಗೆ ಕಲಿಸುತ್ತೇನೆ. ಇಪ್ಪತ್ತು ವರ್ಷ ದಾಟಿತು. ಹೊಸದಾಗಿ ಸೇರಿದ ಟೀಚರುಗಳು ರಾತ್ರಿ ಫೋನ್ ಮಾಡುತ್ತಾರೆ. ಪಾಲಕರು ಗೇಟಿನ ಹತ್ತಿರ ನಿಲ್ಲಿಸಿ ಮಾತಾಡುತ್ತಾರೆ. ಥಾಣೆ, ಡೊಂಬಿವಲಿ, ಪುಣೆಯಿಂದ ಆಗಾಗ ಪತ್ರ ಬರುತ್ತದೆ. ಊರು ಬೇರೆ, ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಹೊಸಬರು ಮೊದಲಿನಿಂದ ಓದಿ. ಅನುಭವ ಇದ್ದವರು ಕೊನೆಯ ಭಾಗಕ್ಕೆ ಹೋದರೂ ಸಾಕು.

## ಶುರುವಿನ ಪ್ರಶ್ನೆಗಳು

ದಿನಚರಿ ಅಂದ್ರೆ ಟೈಮ್‌ಟೇಬಲ್ ಅಲ್ವಾ? ಅದು ಆಫೀಸಿನಿಂದಲೇ ಬರುತ್ತದಲ್ಲ?

ಟೈಮ್‌ಟೇಬಲ್ ದೊಡ್ಡವರಿಗೆ. ಗೋಡೆಗೆ ಅಂಟಿಸಿದ ಆ ಕಾಗದವನ್ನು ಒಂದನೇ ಕ್ಲಾಸಿನ ಮಗು ಓದಲಾರದು. ಗಡಿಯಾರವೂ ಅದಕ್ಕೆ ಗೊತ್ತಾಗುವುದಿಲ್ಲ. ಮಗುವಿಗೆ ಬೇಕಾದ್ದು ಒಂದೇ: ಇದಾದ ಮೇಲೆ ಯಾವುದು? ಆ ಕ್ರಮವೇ ದಿನಚರಿ.

ನನ್ನ ಕ್ಲಾಸಿನಲ್ಲಿ ಕಿಟಕಿಯಿಂದ ಕಿಟಕಿಗೆ ಒಂದು ಹಗ್ಗ ಕಟ್ಟಿದೆ. ಅದಕ್ಕೆ ಒಂಬತ್ತು ಚಿತ್ರ ತೂಗುಹಾಕಿದೆ. ಕೈ ಮುಗಿದ ಮಗು, ಹೆಸರಿನ ಚೀಟಿ, ಮಾತಾಡುವ ಬಾಯಿ, ಅಕ್ಷರ, ಹುಣಸೆ ಬೀಜ, ತಟ್ಟೆ, ಪುಸ್ತಕ, ಆಟದ ಮೂಲೆ, ಚಪ್ಪಲಿ. ಬಟ್ಟೆ ಒಣಹಾಕುವ ಕೆಂಪು ಕ್ಲಿಪ್ಪು ಒಂದೊಂದೇ ಚಿತ್ರಕ್ಕೆ ಸರಿಯುತ್ತದೆ. ಸರಿಸುವ ಕೆಲಸ ವಾರಕ್ಕೊಬ್ಬ ಮಗುವಿನದು.

ಒಂದು ಜುಲೈಯಲ್ಲಿ ಸಾಯನ್ ಹತ್ತಿರ ಹಳಿ ಮೇಲೆ ನೀರು ನಿಂತು ನನ್ನ ಲೋಕಲ್ ನಲವತ್ತು ನಿಮಿಷ ತಡವಾಯಿತು. ಕ್ಲಾಸು ಏನಾಗಿದೆಯೋ ಅಂತ ಓಡೋಡಿ ಬಂದೆ. ಪಕ್ಕದ ಕ್ಲಾಸಿನ ಟೀಚರ್ ಬಾಗಿಲಲ್ಲಿ ಸುಮ್ನೆ ನಿಂತಿದ್ದರು. ಒಳಗೆ ಕ್ಲಿಪ್ಪು ಬಾಯಿಯ ಚಿತ್ರದ ಮೇಲಿತ್ತು. ಮಕ್ಕಳು ಸುತ್ತಲೂ ಕೂತಿದ್ದರು. ಒಬ್ಬಳು ತಮ್ಮ ಚಾಳಿನ ಮೆಟ್ಟಿಲ ತನಕ ನೀರು ಬಂದ ಕಥೆ ಹೇಳುತ್ತಿದ್ದಳು, ಉಳಿದವರು ಕೇಳುತ್ತಿದ್ದರು. ನಾನು ಛತ್ರಿ ಮಡಚಿ ಸುತ್ತಿನ ಹೊರಗೆ ಕೂತೆ. ಅವತ್ತಿನಿಂದ ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ: ಕ್ರಮ ಬದಲಾಗಬಾರದು, ಒಳಗಿನ ಕೆಲಸ ದಿನಾ ಬದಲಾಗಬೇಕು.

ನಿಮ್ಮ ಒಂದು ದಿನ ಹೇಗೆ ಹೋಗುತ್ತೆ? ಗಂಟೆ ಸಮೇತ ಹೇಳಿ.

ಮೊದಲು ಒಂದು ಲೆಕ್ಕ. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ಕ್ಲಾಸಿಗೆ ವರ್ಷಕ್ಕೆ 200 ದಿನ, 800 ಗಂಟೆ ಕಲಿಕೆ ಇರಬೇಕು ಅನ್ನುತ್ತದೆ. ಅಂದರೆ ದಿನಕ್ಕೆ ನಾಲ್ಕು ಗಂಟೆ. ಆ ನಾಲ್ಕು ಗಂಟೆಯನ್ನು ಎಲ್ಲಿ ಇಡುವುದು ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು.

ನಮ್ಮಲ್ಲಿ 9ಕ್ಕೆ ಪ್ರಾರ್ಥನೆ. ನಾಲ್ಕನೇ ಕ್ಲಾಸಿನವರೆಗೆ ಶಾಲೆ 9ರ ಮುಂಚೆ ಬೇಡ ಅಂತ ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಹೇಳಿದ್ದು ಮಕ್ಕಳ ನಿದ್ದೆಗೆ ಒಳ್ಳೆಯದಾಯಿತು. 9.15ಕ್ಕೆ ಹಾಜರಿ. ನಾನು ಹೆಸರು ಕೂಗುವುದಿಲ್ಲ. ಮಗು ತನ್ನ ಹೆಸರಿನ ಚೀಟಿ ಹುಡುಕಿ 'ಮನೆ' ಡಬ್ಬಿಯಿಂದ 'ಶಾಲೆ' ಡಬ್ಬಿಗೆ ಹಾಕುತ್ತದೆ. ಎಷ್ಟು ಜನ ಬಂದರು, ಎಷ್ಟು ಜನ ಬಂದಿಲ್ಲ ಅಂತ ಮಕ್ಕಳೇ ಎಣಿಸುತ್ತಾರೆ. ಓದು ಮತ್ತು ಲೆಕ್ಕ ಎರಡೂ ಅಲ್ಲೇ ಶುರುವಾಯಿತು ನೋಡಿ. 9.30ರಿಂದ ಇಪ್ಪತ್ತು ನಿಮಿಷ ಮಾತಿನ ಸುತ್ತು, ಅಂದರೆ ಸುತ್ತಲೂ ಕೂತು ಮಕ್ಕಳು ಮಾತಾಡುವುದು. ಆಮೇಲೆ 10.30ರವರೆಗೆ ಅಕ್ಷರ, ಓದು, ಬರಹ. ನೀರು, ಶೌಚ, ಕೈಕಾಲು ಆಡಿಸುವ ಹಾಡು, ಇದಕ್ಕೆ ಕಾಲು ಗಂಟೆ. 10.45ರಿಂದ 11.30 ಗಣಿತ. ಆಮೇಲೆ ಊಟ.

12ಕ್ಕೆ ಕಥೆ. ಊಟವಾದ ತಕ್ಷಣ ಬರೆಯಲು ಕೂರಿಸಿದರೆ ಮಕ್ಕಳು ಪೆನ್ಸಿಲ್ ಕಚ್ಚಿಕೊಂಡೇ ತೂಕಡಿಸುತ್ತಾರೆ. ಕಥೆಗೆ ಮಾತ್ರ ಕಣ್ಣು ತೆರೆದಿರುತ್ತದೆ. 12.25ರಿಂದ ಮೂಲೆಗಳು: ಓದುವ ಮೂಲೆ, ಬೀಜ ಕಲ್ಲುಗಳ ಮೂಲೆ, ಚಿತ್ರ ಬಿಡಿಸುವ ಮೂಲೆ, ಅಂಗಡಿ ಆಟದ ಮೂಲೆ. ನಾಲ್ಕು ಗುಂಪು, ದಿನಕ್ಕೆ ಎರಡು ಮೂಲೆ. ಆ ಹೊತ್ತಿನಲ್ಲೇ ನಾನು ನಾಲ್ಕೈದು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಓದಿಸುತ್ತೇನೆ. 1.10ರಿಂದ ಮರಾಠಿ, ಇಂಗ್ಲಿಷ್, ಎರಡೂ ಬಾಯಿಮಾತಲ್ಲೇ ಜಾಸ್ತಿ. ಕೊನೆಯ ಕಾಲು ಗಂಟೆ 'ಇವತ್ತು ಏನಾಯ್ತು'. 2ಕ್ಕೆ ಮನೆ.

ನಿಮ್ಮದು ಮಧ್ಯಾಹ್ನದ ಪಾಳಿಯಾದರೆ ಗಂಟೆ ಬೇರೆಯಾಗುತ್ತದೆ. ಕ್ರಮ ಇದೇ ಇರಲಿ: ಮೊದಲು ಮಾತು, ಆಮೇಲೆ ತಲೆ ಓಡಿಸುವ ಕೆಲಸ, ಊಟವಾದ ಮೇಲೆ ಕಥೆ, ಕೊನೆಗೆ ಕೈಕೆಲಸ.

ಜೂನ್‌ನಲ್ಲಿ ಮಕ್ಕಳು ಬರೀ ಅಳ್ತಾರೆ. ಪಾಠ ಯಾವಾಗ ಶುರು ಮಾಡ್ಲಿ?

ಮೊದಲ ಎರಡು ವಾರ ದಿನಚರಿಯೇ ಪಾಠ. ಚಪ್ಪಲಿ ಎಲ್ಲಿ ಬಿಡಬೇಕು, ನೀರಿನ ಬಾಟಲಿ ಎಲ್ಲಿ, ಶೌಚಕ್ಕೆ ಹೋಗಬೇಕಾದರೆ ಏನು ಮಾಡಬೇಕು, ಒದ್ದೆ ರೇನ್‌ಕೋಟ್ ಎಲ್ಲಿ ತೂಗುಹಾಕಬೇಕು. ಒಂದೊಂದನ್ನೂ ಮಾಡಿ ತೋರಿಸಿ, ಮಾಡಿಸಿ, ಮಾರನೇ ದಿನ ಮತ್ತೆ ಮಾಡಿಸಿ. ನಮ್ಮಲ್ಲಿ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಒಟ್ಟಿಗೆ. ಹಾಗಾಗಿ ರೇನ್‌ಕೋಟಿನ ಪಾಠವನ್ನು ಮೊದಲ ದಿನವೇ ಮುಗಿಸಿ.

ಅಳುವ ಮಗುವಿಗೆ 'ಅಮ್ಮ ಈಗ ಬರ್ತಾಳೆ' ಅಂತ ಸುಳ್ಳು ಹೇಳಬೇಡಿ. ಹಗ್ಗದ ಹತ್ತಿರ ಕರೆದುಕೊಂಡು ಹೋಗಿ ಚಪ್ಪಲಿಯ ಚಿತ್ರ ತೋರಿಸಿ. 'ಕ್ಲಿಪ್ಪು ಇಲ್ಲಿಗೆ ಬಂದಾಗ ಅಮ್ಮ ಗೇಟಿನಲ್ಲಿರ್ತಾಳೆ' ಅನ್ನಿ. ಮೂರು ದಿನ ಆ ಮಾತು ನಿಜವಾದರೆ ನಾಲ್ಕನೇ ದಿನ ಮಗು ನಿಮ್ಮನ್ನು ನಂಬುತ್ತದೆ.

ಈ ವಯಸ್ಸಿನ ಮಗು ಒಂದೇ ಕೆಲಸಕ್ಕೆ ಎಷ್ಟು ಹೊತ್ತು ಕೂರುತ್ತೆ?

ಕೇಳುತ್ತಾ ಕೂರುವುದಾದರೆ ಹತ್ತು ನಿಮಿಷ. ಕೈಗೆ ಕೆಲಸ ಇದ್ದರೆ ಇಪ್ಪತ್ತು. ತಾನೇ ಆರಿಸಿಕೊಂಡ ಕೆಲಸವಾದರೆ ನೀವೇ ಎಬ್ಬಿಸಬೇಕಾಗುತ್ತದೆ. ನಲವತ್ತು ನಿಮಿಷದ ಅಕ್ಷರದ ಹೊತ್ತನ್ನು ನಾನು ಮೂರು ತುಂಡು ಮಾಡುತ್ತೇನೆ: ಕೂತು ಕೇಳುವುದು, ಎದ್ದು ಹುಡುಕುವುದು, ಕೂತು ಬರೆಯುವುದು.

ಕ್ಲಾಸಿನಲ್ಲಿ ಗಲಾಟೆ. ಬೆತ್ತ ಇಲ್ಲದೆ ಹೇಗೆ ಸುಮ್ಮನಿರಿಸ್ತೀರಿ?

ಬೆತ್ತದ ಮಾತು ಬಿಡಿ. ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ಹೆದರಿದ ಮಗು ಕಲಿಯುವುದಿಲ್ಲ, ಇದು ನಾನು ಕಣ್ಣಾರೆ ಕಂಡ ಮಾತು.

ಗಲಾಟೆ ಹೆಚ್ಚಾಗಿ ಹುಟ್ಟುವುದು ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ನಡುವೆ. ಪುಸ್ತಕ ಹಂಚುವ ಮೂರು ನಿಮಿಷ, ಕೈ ತೊಳೆಯಲು ಸಾಲು ನಿಲ್ಲುವ ಐದು ನಿಮಿಷ. ಆ ನಡುವಿನ ಹೊತ್ತಿಗೆ ಒಂದೊಂದು ಗುರುತು ಇಟ್ಟುಕೊಳ್ಳಿ. ನಾನು ಚಪ್ಪಾಳೆಯ ತಾಳ ಹಾಕುತ್ತೇನೆ, ಕೇಳಿದವರು ಅದೇ ತಾಳ ವಾಪಸ್ ಹಾಕುತ್ತಾರೆ. ಎರಡನೇ ಸಲಕ್ಕೆ ಕ್ಲಾಸು ಪೂರ್ತಿ ಸೇರಿಕೊಳ್ಳುತ್ತದೆ. ಸಾಲಿಗೆ ಒಂದು ಒಗಟು. ಬಿಡಿಸಿದವರು ಮೊದಲು ಕೈ ತೊಳೆಯುತ್ತಾರೆ. ಅಕ್ಕಪಕ್ಕದ ಮಕ್ಕಳು ಕೆಲಸದ ಬಗ್ಗೆಯೇ ಮಾತಾಡುತ್ತಿದ್ದರೆ ಅದು ಗಲಾಟೆಯಲ್ಲ, ಬಿಟ್ಟುಬಿಡಿ.

## ಭಾಷೆ ಮತ್ತು ಲೆಕ್ಕ

ಮನೆಯಲ್ಲಿ ತುಳು, ಗಲ್ಲಿಯಲ್ಲಿ ಹಿಂದಿ, ಪಕ್ಕದ ಖೋಲಿಯಲ್ಲಿ ಮರಾಠಿ. ಕನ್ನಡ ಎಲ್ಲಿಂದ ಶುರು ಮಾಡೋದು?

ಮಾತಿನ ಸುತ್ತಿನಿಂದ. ನನ್ನ ಕ್ಲಾಸಿನಲ್ಲಿ ಕಲಬುರಗಿ, ಯಾದಗಿರಿ ಕಡೆಯ ಕಟ್ಟಡ ಕೆಲಸದವರ ಮಕ್ಕಳಿದ್ದಾರೆ. ಉಡುಪಿ ಕಡೆಯ ಹೋಟೆಲ್ ಕೆಲಸದವರ ಮಕ್ಕಳಿದ್ದಾರೆ. ಮೊದಲಿನವರ ಕನ್ನಡ ಬೇರೆ, ಎರಡನೆಯವರ ಮನೆಮಾತು ತುಳು. ಇಬ್ಬರೂ ಆಟಕ್ಕಿಳಿದರೆ ಹಿಂದಿ.

ಯಾವ ಭಾಷೆಯಲ್ಲಿ ಹೇಳಿದರೂ ಕೇಳಿಸಿಕೊಳ್ಳಿ. ಮಗು 'ಬರ್ಸ ಬತ್ತ್ಂಡ್' ಅಂದರೆ 'ಹೌದಾ, ಮಳೆ ಬಂತಾ?' ಅನ್ನಿ. ತಪ್ಪು ಅನ್ನಬೇಡಿ, ತಿದ್ದಲೂ ಬೇಡಿ. ಕನ್ನಡದ ಮಾತನ್ನು ಪಕ್ಕದಲ್ಲಿ ಇಡಿ, ಸಾಕು. ಮಗುವೇ ನಿಧಾನಕ್ಕೆ ಎತ್ತಿಕೊಳ್ಳುತ್ತದೆ. ಸೋಮವಾರಕ್ಕೆ ಒಂದು ವಸ್ತು ಇಟ್ಟುಕೊಳ್ಳಿ, ಉದಾಹರಣೆಗೆ ಛತ್ರಿ. ಅದಕ್ಕೆ ಮನೆಯಲ್ಲಿ ಏನಂತಾರೆ ಅಂತ ಕೇಳಿ. ತುಳುವಿನಲ್ಲಿ ಕೊಡೆ, ಕನ್ನಡದಲ್ಲೂ ಕೊಡೆ, ಛತ್ರಿ ಮರಾಠಿಯಲ್ಲೂ ಛತ್ರಿ. ಮಕ್ಕಳ ಮುಖ ಅರಳುವುದನ್ನು ನೀವೇ ನೋಡುತ್ತೀರಿ.

ಈ ಇಪ್ಪತ್ತು ನಿಮಿಷವನ್ನು ಪಾಠ ಮುಗಿಸುವ ಅವಸರದಲ್ಲಿ ಕತ್ತರಿಸಬೇಡಿ. ನಾನೊಂದು ವರ್ಷ ಗಣೇಶ ಚೌತಿಯ ರಜೆಗೆ ಮುಂಚೆ ಪುಸ್ತಕ ಮುಗಿಸಬೇಕೆಂದು ಮಾತಿನ ಸುತ್ತು ನಿಲ್ಲಿಸಿದೆ. ಮೂರು ವಾರದಲ್ಲಿ, ಆಗಷ್ಟೇ ಬಾಯಿಬಿಡಲು ಶುರು ಮಾಡಿದ್ದ ಇಬ್ಬರು ಮಕ್ಕಳು ಮತ್ತೆ ಮೌನವಾದರು. ಅವರನ್ನು ಮಾತಿಗೆ ಎಳೆಯಲು ದೀಪಾವಳಿ ದಾಟಬೇಕಾಯಿತು. ಆ ತಪ್ಪು ನನ್ನದೇ.

ಅ ಆ ಇ ಈ ಇಂದಲೇ ಶುರು ಮಾಡ್ಬೇಕಾ? ಪಾಲಕರು ಅದನ್ನೇ ಕೇಳ್ತಾರೆ.

ಬೇಕಿಲ್ಲ. ವರ್ಣಮಾಲೆಯ 49 ಅಕ್ಷರ ಸಾಲಾಗಿ ತಿದ್ದಿ ಮುಗಿಸುವ ಹೊತ್ತಿಗೆ ಮಗು ಒಂದೇ ಒಂದು ಪದವನ್ನೂ ಓದದೆ ಬೇಸತ್ತುಹೋಗಿರುತ್ತದೆ. ಬೇಗ ಪದವಾಗುವ, ಬರೆಯಲು ಸುಲಭವಾದ ಅಕ್ಷರ ಮೊದಲು ತೆಗೆದುಕೊಳ್ಳಿ. ಕರ್ನಾಟಕದಲ್ಲಿ 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಆಡುತ್ತಾ ಕಲಿಸುವ ನಲಿ-ಕಲಿ ಪದ್ಧತಿಯವರು ರ, ಗ, ಸ, ದ, ಅ ಎಂಬ ಐದರಿಂದ ಹೊರಡುತ್ತಾರೆ. ಐದೇ ಅಕ್ಷರಕ್ಕೆ ಸರ, ಅರಸ, ದಸರ, ಗರಗಸ ಎಲ್ಲ ಸಿಕ್ಕಿಬಿಡುತ್ತವೆ. ಎರಡನೇ ವಾರಕ್ಕೆ ಮಗು 'ನಾನು ಓದಿದೆ' ಅನ್ನುತ್ತದೆ. ನಮ್ಮ ಬಾಲಭಾರತಿಯ, ಅಂದರೆ ಮಹಾರಾಷ್ಟ್ರ ಸರ್ಕಾರದ ಪಠ್ಯಪುಸ್ತಕ ಸಂಸ್ಥೆಯ ಪುಸ್ತಕ ನಡೆಯುತ್ತಿರಲಿ, ಅದರ ಜೊತೆಗೆ ಈ ಅಕ್ಷರಗಳ ಚೀಟಿಗಳೂ ಇರಲಿ, ಅಡ್ಡಿಯಿಲ್ಲ.

ಪಾಲಕರಿಗೆ ಸಮಾಧಾನ ಬೇಕಿದ್ದರೆ ಅ ಆ ಇ ಈ ಹಾಡಿನ ಹಾಗೆ ಬಾಯಿಪಾಠ ಮಾಡಿಸಿ. ಹಾಡಿಗೆ ಹಾಡು, ಓದಿಗೆ ಓದು.

ಎ–ಏ, ಒ–ಓ ಎಷ್ಟು ಹೇಳಿದ್ರೂ ತಪ್ಪು ಬರೀತಾರೆ. ಯಾಕೆ?

ಮರಾಠಿ, ಹಿಂದಿಯಲ್ಲಿ ಎ ಮತ್ತು ಏಗೆ ಬೇರೆ ಬೇರೆ ಅಕ್ಷರ ಇಲ್ಲ. ಒ, ಓ ಕೂಡ ಹಾಗೇ. ದಿನವಿಡೀ ಆ ಭಾಷೆ ಕೇಳುವ ಕಿವಿಗೆ ನಮ್ಮ ಗಿಡ್ಡ–ಉದ್ದದ ವ್ಯತ್ಯಾಸ ತಟ್ಟುವುದೇ ಇಲ್ಲ. ಅದು ಕೈಯ ತಪ್ಪಲ್ಲ, ಕಿವಿಯ ತಪ್ಪು. ಕಾಪಿ ಬರೆಸಿ ಪ್ರಯೋಜನವಿಲ್ಲ, ಕಿವಿಗೇ ಪಾಠ ಮಾಡಬೇಕು.

ಜೋಡಿ ಪದಗಳ ಆಟ ಆಡಿಸಿ. ಬೆಳೆ–ಬೇಳೆ. ಒಲೆ–ಓಲೆ. ಕೆರೆ–ಕೇರೆ. ಕೊಡು–ಕೋಡು. ಗಿಡ್ಡ ದನಿ ಕೇಳಿದರೆ ಒಂದು ಚಪ್ಪಾಳೆ, ಉದ್ದ ದನಿ ಕೇಳಿದರೆ ಎರಡೂ ಕೈ ಅಗಲಿಸುವುದು. 'ಅಮ್ಮ ಕುಕ್ಕರಿಗೆ ಬೆಳೆ ಹಾಕಿದಳು' ಅಂತ ಬೇಕೆಂದೇ ತಪ್ಪು ಹೇಳಿ. ಇಡೀ ಕ್ಲಾಸು ನಿಮ್ಮನ್ನು ತಿದ್ದುತ್ತದೆ, ತಿದ್ದುವ ಖುಷಿಯಲ್ಲೇ ಕಲಿಯುತ್ತದೆ. ದಿನಕ್ಕೆ ಐದು ನಿಮಿಷ, ಒಂದು ತಿಂಗಳು.

ಮರಾಠಿಯಿಂದ ಲಾಭವೂ ಇದೆ. ಹಿಂದಿಯ ರೂಢಿಯಿಂದ 'ಮಳೆ'ಯನ್ನು 'ಮಲೆ' ಅನ್ನುವ ಮಕ್ಕಳಿಗೆ ಮರಾಠಿಯ 'ಬಾಳ', 'ಕಾಳಾ' ನೆನಪಿಸಿ. ಆ ಳ ಅವರ ನಾಲಿಗೆಯಲ್ಲಿ ಆಗಲೇ ಇದೆ.

ಮರಾಠಿ ಕಡ್ಡಾಯ ಅಲ್ವಾ? ಒಂದೇ ಸಲ ಎರಡು ಲಿಪಿ ಕಲಿಸಿದ್ರೆ ಮಗು ಗೊಂದಲ ಮಾಡ್ಕೊಳ್ಳಲ್ವಾ?

2020ರ ಕಾನೂನಿನ ಪ್ರಕಾರ ಮಹಾರಾಷ್ಟ್ರದ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಮರಾಠಿ ಕಲಿಸಲೇಬೇಕು. ಕಲಿಯುವುದು ಒಳ್ಳೆಯದೇ. ಈ ಊರಿನಲ್ಲಿ ಬಾಳುವವರಿಗೆ ಅದು ಅನ್ನದ ಭಾಷೆ. ಮೊದಲ ಆರು ತಿಂಗಳು ಮರಾಠಿಯನ್ನು ಹಾಡು, ಮಾತು, ಆಟದಲ್ಲೇ ಇಡಿ. ಕನ್ನಡದಲ್ಲಿ ನಾಲ್ಕು ಪದ ತಾನಾಗಿ ಓದುವಂತಾದ ಮೇಲೆ ದೇವನಾಗರಿ ತೆಗೆದುಕೊಳ್ಳಿ. ಕಾಗುಣಿತದ ಗುಟ್ಟು ಒಂದು ಲಿಪಿಯಲ್ಲಿ ತಿಳಿದರೆ ಇನ್ನೊಂದು ತುಂಬಾ ಬೇಗ ಬರುತ್ತದೆ. ಬೆಸ್ಟ್ ಬಸ್ಸಿನ ಮುಂದೆ ದೇವನಾಗರಿ ಅಂಕಿ ಇರುತ್ತದಲ್ಲ, ಅದನ್ನೇ ಮೊದಲ ಪಾಠ ಮಾಡಿ. ಮಕ್ಕಳಿಗೆ ತಮ್ಮ ಮನೆ ದಾರಿಯ ಬಸ್ಸಿನ ನಂಬರು ಬೇಗ ಗೊತ್ತಾಗುತ್ತದೆ.

ಇಪ್ಪತ್ತೇಳು ಅಂದ್ರೆ 72 ಬರೀತಾನೆ. ಲೆಕ್ಕದಲ್ಲಿ ವೀಕ್ ಇದ್ದಾನಾ?

ವೀಕ್ ಅಲ್ಲ, ಅವನು ಲೆಕ್ಕವನ್ನು ಬೇರೆ ಭಾಷೆಯಲ್ಲಿ ಕೇಳಿಸಿಕೊಳ್ಳುತ್ತಿದ್ದಾನೆ. ಮರಾಠಿಯಲ್ಲಿ 27 ಅಂದರೆ 'ಸತ್ತಾವೀಸ'. ಅಲ್ಲಿ ಏಳು ಮೊದಲು ಕೇಳುತ್ತದೆ, ಇಪ್ಪತ್ತು ಆಮೇಲೆ. ಹಿಂದಿಯಲ್ಲೂ ಹಾಗೇ. ತರಕಾರಿ ಗಾಡಿಯ ಹತ್ತಿರ, ಕಿರಾಣಿ ಅಂಗಡಿಯಲ್ಲಿ ಮಗು ಬೆಲೆ ಕೇಳುವುದು ಆ ಭಾಷೆಗಳಲ್ಲಿ. ಕೇಳಿದ ಕ್ರಮದಲ್ಲೇ ಬರೆದುಬಿಡುತ್ತದೆ. ಕನ್ನಡದಲ್ಲಿ ಇಪ್ಪತ್ತು ಮೊದಲು, ಏಳು ಆಮೇಲೆ, ಬರೆಯುವ ಕ್ರಮವೂ ಅದೇ. ಇದು ನಮ್ಮ ಭಾಷೆ ನಮಗೆ ಕೊಟ್ಟ ಅನುಕೂಲ. 2019ರಲ್ಲಿ ಬಾಲಭಾರತಿ ಎರಡನೇ ಕ್ಲಾಸಿನ ಗಣಿತ ಪುಸ್ತಕದಲ್ಲಿ ಮರಾಠಿ ಮಕ್ಕಳಿಗೂ 'ವೀಸ ಏಕ' ಅಂತ ಹತ್ತನ್ನು ಮೊದಲು ಹೇಳುವ ರೀತಿ ತಂದಾಗ ದೊಡ್ಡ ಚರ್ಚೆಯೇ ನಡೆಯಿತು. ನಮ್ಮ ಮಕ್ಕಳಿಗೆ ಅದು ಹುಟ್ಟಿನಿಂದಲೇ ಸಿಕ್ಕಿದೆ.

ಕೆಲಸ ಹೀಗೆ ಮಾಡಿಸಿ. ಹತ್ತು ಹತ್ತು ಐಸ್‌ಕ್ರೀಂ ಕಡ್ಡಿಯ ಕಟ್ಟು, ಜೊತೆಗೆ ಬಿಡಿ ಕಡ್ಡಿ. 'ಇಪ್ಪತ್ತು' ಅಂದಾಗ ಎರಡು ಕಟ್ಟು ಎಡಕ್ಕೆ. 'ಏಳು' ಅಂದಾಗ ಏಳು ಬಿಡಿ ಬಲಕ್ಕೆ. ಆಮೇಲೆ ಕೆಳಗೆ ಅಂಕಿ. ಬಾಯಿ, ಕೈ, ಕಾಗದ ಮೂರೂ ಒಂದೇ ಕ್ರಮದಲ್ಲಿ ನಡೆದರೆ 72 ತಾನಾಗಿ ನಿಲ್ಲುತ್ತದೆ.

ನಮ್ಮ ಭಾಷೆಯಲ್ಲೂ ಒಂದು ತೊಡಕಿದೆ. ಒಂಬತ್ತು, ಎಂಬತ್ತು, ತೊಂಬತ್ತು, ಮೂರೂ ಕಿವಿಗೆ ಹತ್ತಿರ ಹತ್ತಿರ. ಅಲ್ಲಿ ಮಾತ್ರ ಕಟ್ಟುಗಳನ್ನು ಎದುರಿಗಿಟ್ಟು ನಿಧಾನಕ್ಕೆ ಹೋಗಿ.

ಮಳೆಗಾಲದಲ್ಲಿ ಮೈದಾನ ಇಲ್ಲ. ಮಕ್ಕಳನ್ನು ಏನು ಮಾಡಿಸೋದು?

ಚೆನ್ನೆಮಣೆ ತನ್ನಿ! ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹೊರಗೆ ಕಾಲಿಡಲಾಗದ ಮಳೆಯಲ್ಲಿ ಮನೆಮಂದಿ ಆಡುತ್ತಿದ್ದ ಆಟ. ಉಳಿದ ಕಡೆ ಅಳಗುಳಿಮಣೆ ಅನ್ನುತ್ತಾರೆ. ಒಂದು ಕಡೆ ಏಳು, ಇನ್ನೊಂದು ಕಡೆ ಏಳು, ಒಟ್ಟು 14 ಗುಳಿ. ಒಂದೊಂದರಲ್ಲಿ ನಾಲ್ಕು ಮಂಜೊಟ್ಟಿ ಕಾಯಿ. ಮಣೆ ಇಲ್ಲದಿದ್ದರೆ ಹನ್ನೆರಡು ಮೊಟ್ಟೆಯ ಟ್ರೇಗೆ ಎರಡು ಬಟ್ಟಲು ಸೇರಿಸಿ. ಕಾಯಿ ಇಲ್ಲದಿದ್ದರೆ ಹುಣಸೆ ಬೀಜ.

ಆಡುವ ಮುಂಚೆಯೇ ಲೆಕ್ಕ ಶುರು. 'ಒಟ್ಟು ಎಷ್ಟು ಬೀಜ ಬೇಕು?' ನನ್ನ ಎರಡನೇ ಕ್ಲಾಸಿನ ಹುಡುಗನೊಬ್ಬ ನಾಲ್ಕು ನಾಲ್ಕೇ ಸೇರಿಸುತ್ತಾ ಹೋಗಿ 28ಕ್ಕೆ ನಿಂತ. ಎದುರಿನ ಸಾಲು ನೋಡಿದ. 'ಇಷ್ಟೇ ಆ ಕಡೆಯೂ' ಅಂದ. ಬೆರಳು ಮಡಚಿ 56 ಅಂದ. ಗುಣಾಕಾರ ಅನ್ನುವ ಪದ ಅವನಿಗೆ ಇನ್ನೂ ಹೇಳಿಕೊಟ್ಟಿರಲಿಲ್ಲ.

ಮೈಗೂ ಕೆಲಸ ಬೇಕು. ಕಾರಿಡಾರಿನಲ್ಲಿ ಕುಂಟೆಬಿಲ್ಲೆಯ ಮನೆ ಬರೆದು ಅಂಕಿಗಳ ಮೇಲೆ ಕುಂಟಿಸಿ. ಆದರೆ ಹನಿ ಬಿದ್ದು ನೆಲ ಜಾರುತ್ತಿದ್ದರೆ ಅದು ಬೇಡ.

ಸಾಮಾನಿಗೆ ದುಡ್ಡಿಲ್ಲ. ಇಷ್ಟೆಲ್ಲ ಎಲ್ಲಿಂದ ತರೋದು?

ಪುಟ್ಟ ಮಕ್ಕಳ ಶಿಕ್ಷಣಕ್ಕೆ ದುಡಿದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ನಮ್ಮ ಪಶ್ಚಿಮ ರೈಲ್ವೆ ದಾರಿಯ ಬೋರ್ಡಿಯಲ್ಲಿ ಬಾಲವಾಡಿ ಕೆಲಸ ಶುರು ಮಾಡಿದರು, ಆಮೇಲೆ ಕೋಸಬಾಡದ ಗುಡ್ಡಕ್ಕೆ ಹೋದರು. ಜೊತೆಗೆ ಅನುತಾಯಿ ವಾಘ್ ಇದ್ದರು. ದುಬಾರಿ ಕಲಿಕೆ ಸಾಮಾನಿನ ಬದಲು ಅವರು ಎಲೆ, ಕಲ್ಲು, ಚಿಪ್ಪು, ಬೀಜ ಹಿಡಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಅವರ ಅಂಗಳಕ್ಕೇ ಹೋದರು. ನಾವು ಅವರಿಗಿಂತ ಬಡವರಲ್ಲ.

ಬಾಟಲಿ ಮುಚ್ಚಳ, ಹಳೆ ಕ್ಯಾಲೆಂಡರ್, ಮದುವೆ ಕಾಗದ, ಹೋಟೆಲಿನ ಖಾಲಿ ಡಬ್ಬಿ. ಕ್ಯಾಲೆಂಡರಿನ ಅಂಕಿ ಕತ್ತರಿಸಿದರೆ ಒಂದರಿಂದ ಮೂವತ್ತೊಂದರ ಚೀಟಿ ಏಳು ಪೂರ್ತಿ ಸೆಟ್ ಸಿಗುತ್ತದೆ.

## ಮನೆ ಮತ್ತು ಪಾಲಕರು

ಹೋಂವರ್ಕ್ ಕೊಡದಿದ್ರೆ 'ಏನೂ ಕಲಿಸಲ್ಲ' ಅಂತಾರೆ. ಏನು ಹೇಳ್ಲಿ?

ಕೇಂದ್ರದ 2020ರ ಶಾಲಾ ಚೀಲ ನೀತಿಯನ್ನೇ ತೋರಿಸಿ. ಎರಡನೇ ಕ್ಲಾಸಿನವರೆಗೆ ಹೋಂವರ್ಕ್ ಬೇಡ, ಮೂರರಿಂದ ಐದಕ್ಕೆ ವಾರಕ್ಕೆ ಎರಡು ಗಂಟೆ ಮೀರಬಾರದು, ಚೀಲ ಮಗುವಿನ ತೂಕದ ನೂರಕ್ಕೆ ಹತ್ತು ಭಾಗ ದಾಟಬಾರದು ಅಂತ ಅದರಲ್ಲಿದೆ. ಆದರೆ ನೀತಿ ತೋರಿಸಿದರೆ ಬಾಯಿ ಮುಚ್ಚಿಸಿದ ಹಾಗಾಗುತ್ತದೆ, ನಂಬಿಕೆ ಬರುವುದಿಲ್ಲ. ತಿಂಗಳಿಗೊಮ್ಮೆ ಕೊನೆಯ ಅರ್ಧ ಗಂಟೆ ಪಾಲಕರನ್ನು ಕ್ಲಾಸಿನೊಳಗೆ ಕೂರಿಸಿ. ಮಗು ಓದುವುದನ್ನು ಕಿವಿಯಾರೆ ಕೇಳಲಿ.

ನಮಗೆ ಓದಲು ಬರಲ್ಲ ಟೀಚರ್. ಮನೆಯಲ್ಲಿ ಹೇಗೆ ಸಹಾಯ ಮಾಡ್ಲಿ?

ಈ ಪ್ರಶ್ನೆ ಕೇಳುವ ಅಮ್ಮಂದಿರು ದನಿ ತಗ್ಗಿಸಿ ಕೇಳುತ್ತಾರೆ. ನಾಚಿಕೊಳ್ಳಬೇಡಿ ತಾಯಿ. ನಿಮ್ಮ ಹತ್ತಿರ ಕಥೆ ಇದೆ, ಒಗಟು ಇದೆ, ಬೀಸುವ ಹಾಡು, ಸೋಬಾನೆ ಇದೆ. ಹಿಟ್ಟು ನಾದುವಾಗ ಒಂದು ಹೇಳಿ. ಮಗು ಮಾರನೇ ದಿನ ಮಾತಿನ ಸುತ್ತಿನಲ್ಲಿ ಅದನ್ನು ಹೇಳುತ್ತದೆ, ನಾನು ಬೋರ್ಡಿನಲ್ಲಿ ಬರೆಯುತ್ತೇನೆ, ಮಗು ಅದನ್ನೇ ಓದುತ್ತದೆ. ನೀವು ಹೇಳಿದ್ದೇ ಪಾಠವಾಯಿತು.

ಇನ್ನೊಂದು. ಮಲಗುವ ಹೊತ್ತು, ಏಳುವ ಹೊತ್ತು ದಿನಾ ಒಂದೇ ಇರಲಿ. ಒಂದೇ ಖೋಲಿಯಲ್ಲಿ ರಾತ್ರಿ ಪಾಳಿಯವರೂ ಮಗುವೂ ಇರುವ ಮನೆಯಲ್ಲಿ ಇದು ಕಷ್ಟ, ಗೊತ್ತು. ಆದಷ್ಟು ನೋಡಿ.

## ಅನುಭವ ಇದ್ದವರು ಕೇಳುವುದು

ಒಂದು, ಎರಡನೇ ಕ್ಲಾಸು ಒಂದೇ ಕೋಣೆ, ಒಬ್ಬಳೇ ಟೀಚರ್. ಪ್ಲಾನ್ ಹೇಗೆ?

ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದ ಹಾಗೆಲ್ಲ ಈ ಪ್ರಶ್ನೆ ಜಾಸ್ತಿಯಾಗುತ್ತಿದೆ. ಎರಡು ಟೈಮ್‌ಟೇಬಲ್ ಮಾಡಬೇಡಿ. ದಿನಚರಿ ಒಂದೇ, ಕೆಲಸದ ಮಟ್ಟ ಎರಡು. ಮಾತು, ಕಥೆ, ಹಾಡು ಎಲ್ಲರಿಗೂ ಒಟ್ಟಿಗೆ. ಅಕ್ಷರ ಮತ್ತು ಗಣಿತದ ಹೊತ್ತಿನಲ್ಲಿ ಒಂದು ಗುಂಪು ನಿಮ್ಮ ಜೊತೆ, ಇನ್ನೊಂದು ತಾನೇ ಮಾಡುವ ಕೆಲಸದಲ್ಲಿ. ಇಪ್ಪತ್ತು ನಿಮಿಷಕ್ಕೆ ಅದಲುಬದಲು. ತಾನೇ ಮಾಡುವ ಕೆಲಸ ಹೊಸದಾಗಿರಬಾರದು. ನಿನ್ನೆ ನಿಮ್ಮ ಎದುರಿಗೆ ಮಾಡಿದ್ದನ್ನೇ ಇವತ್ತು ಒಬ್ಬರೇ ಮಾಡಲಿ. ಹೊಸ ಕೆಲಸ ಕೊಟ್ಟರೆ ಎರಡು ನಿಮಿಷಕ್ಕೊಮ್ಮೆ 'ಟೀಚರ್' ಅನ್ನುತ್ತಾರೆ, ಎರಡೂ ಗುಂಪು ಕೆಡುತ್ತದೆ.

ಎರಡನೆಯವರು ಒಂದನೆಯವರಿಗೆ ಓದಿ ಹೇಳಲಿ, ವಾರಕ್ಕೆ ಎರಡು ದಿನ. ಓದಲು ತಡವರಿಸುವ ಎರಡನೇ ಕ್ಲಾಸಿನ ಮಗುವಿಗೂ ಕೇಳುವ ಪುಟ್ಟ ಕಿವಿಯೊಂದು ಸಿಕ್ಕರೆ ಧೈರ್ಯ ಬರುತ್ತದೆ.

ನಡುವೆ ಊರಿಗೆ ಹೋಗಿ ಎರಡು ತಿಂಗಳು ಬಿಟ್ಟು ಬರ್ತಾರೆ. ಅವರಿಗೆ ಮತ್ತೆ ಮೊದಲಿನಿಂದಲಾ?

ಜಾತ್ರೆ, ಮದುವೆ, ತೊಗರಿ ಕೊಯ್ಲು, ಸೈಟಿನ ಕೆಲಸ ಮುಗಿದು ಇನ್ನೊಂದು ಸೈಟಿಗೆ ಹೊರಡುವುದು. ಅಪ್ಪ ಅಮ್ಮನನ್ನು ಬೈದು ಪ್ರಯೋಜನವಿಲ್ಲ. ಹೊಟ್ಟೆಪಾಡು ಅವರನ್ನು ಎಳೆದುಕೊಂಡು ಹೋಗುತ್ತದೆ.

ದಿನಚರಿ ಬದಲಾಗದೆ ಇದ್ದರೆ ತಿರುಗಿ ಬಂದ ಮಗು ಅರ್ಧ ದಿನದಲ್ಲಿ ಕ್ಲಾಸಿಗೆ ಹೊಂದಿಕೊಳ್ಳುತ್ತದೆ. ಹಗ್ಗ ಅಲ್ಲೇ ಇದೆ, ಅವರ ಹೆಸರಿನ ಚೀಟಿ ಅದೇ ಡಬ್ಬಿಯಲ್ಲಿದೆ. ಆ ಚೀಟಿಯನ್ನು ಮಾತ್ರ ಯಾವ ಕಾರಣಕ್ಕೂ ಎಸೆಯಬೇಡಿ. ಯಾದಗಿರಿಯಿಂದ ಡಿಸೆಂಬರಿನಲ್ಲಿ ವಾಪಸ್ ಬಂದ ಹುಡುಗಿಯೊಬ್ಬಳು ಬಾಗಿಲಲ್ಲೇ ನಿಂತಿದ್ದಳು. ಅವಳ ಗೆಳತಿ 'ಮನೆ' ಡಬ್ಬಿಯ ತಳದಿಂದ ಚೀಟಿ ತೆಗೆದು ಕೈಗಿಟ್ಟಳು. ಮೂಲೆ ಮಡಚಿಹೋಗಿತ್ತು. ಅವಳು ಅದನ್ನು ಫ್ರಾಕಿನ ಮೇಲೆ ಒತ್ತಿ ನೇರ ಮಾಡಿ, 'ಶಾಲೆ' ಡಬ್ಬಿಗೆ ಹಾಕಿ, ತನ್ನ ಜಾಗಕ್ಕೆ ಹೋಗಿ ಕೂತಳು.

ಕಲಿಕೆಗೆ ಒಂದು ಚೀಲ ಕೊಟ್ಟು ಕಳಿಸಿ: ಅಕ್ಷರದ ಚೀಟಿ, ಎರಡು ತೆಳ್ಳನೆ ಕಥೆ ಪುಸ್ತಕ, ಬಿಳಿ ಹಾಳೆ. ಊರಲ್ಲಿ ಕಂಡದ್ದನ್ನು ಚಿತ್ರ ಬಿಡಿಸಿ ತರಲು ಹೇಳಿ. ವಾಪಸ್ ಬಂದ ದಿನದ ಮಾತಿನ ಸುತ್ತು ಅವರದೇ.

ಎರಡನೇ ಕ್ಲಾಸಿಗೆ ಬಂದ್ರೂ ಓದಲು ಬರಲ್ಲ. ಇಡೀ ಕ್ಲಾಸು ಮುಂದೆ ಹೋಗಿದೆ.

ಎಲ್ಲಿ ನಿಂತಿದ್ದಾನೆ ಅಂತ ಮೊದಲು ನೋಡಿ. ಅಕ್ಷರವೇ ಗೊತ್ತಿಲ್ಲವಾ, ಅಕ್ಷರ ಗೊತ್ತಿದ್ದು ಕಾಗುಣಿತದಲ್ಲಿ ಸಿಕ್ಕಿಕೊಂಡಿದ್ದಾನಾ, ಒತ್ತಕ್ಷರದಲ್ಲಾ? ಮೂರಕ್ಕೂ ಮದ್ದು ಬೇರೆ. ಹೆಚ್ಚಿನವರು ನಿಲ್ಲುವುದು ಕಾಗುಣಿತದಲ್ಲಿ. ಕ ಗೊತ್ತು, ಕಿ ಬಂದರೆ ಹೊಸ ಅಕ್ಷರ ಅಂದುಕೊಳ್ಳುತ್ತಾರೆ. ಒಂದೇ ಗುಡಿಸನ್ನು ಗ, ಸ, ರ, ಮ ಎಲ್ಲದರ ಮೇಲೂ ಇಟ್ಟು ಓದಿಸಿ. ಗುರುತು ಒಂದೇ, ದನಿ ಒಂದೇ ಅಂತ ಮಗುವಿಗೇ ಹೊಳೆಯಬೇಕು. ಮೂಲೆಗಳ ಹೊತ್ತಿನಲ್ಲಿ ದಿನಾ ಹತ್ತು ನಿಮಿಷ ಅವನು ನಿಮ್ಮ ಪಕ್ಕದಲ್ಲಿರಲಿ. ವಾರಕ್ಕೊಮ್ಮೆ ಒಂದು ಗಂಟೆ ಕೂರಿಸಿದರೆ ಆಗುವುದಿಲ್ಲ. ಕಣ್ಣು, ಕಿವಿ ಪರೀಕ್ಷೆಯನ್ನೂ ಮಾಡಿಸಿ. ಬೋರ್ಡು ಕಾಣದೆ ಎರಡು ವರ್ಷ ಕಳೆದ ಮಗುವನ್ನು ನಾನು ನೋಡಿದ್ದೇನೆ.

ಪರೀಕ್ಷೆ ಇಲ್ಲದೆ ಕಲಿತಿದ್ದು ಗೊತ್ತಾಗೋದು ಹೇಗೆ?

ಓದು, ಲೆಕ್ಕದ ಬುನಾದಿಗೆ ಕೇಂದ್ರ ಸರ್ಕಾರ ತಂದ 2021ರ ನಿಪುಣ್ ಭಾರತ್ ಗುರಿಗಳನ್ನು ಅಂದಾಜಿಗೆ ಇಟ್ಟುಕೊಳ್ಳಿ. ಒಂದನೇ ಕ್ಲಾಸಿನ ಕೊನೆಗೆ ನಾಲ್ಕೈದು ಸರಳ ಪದದ ವಾಕ್ಯ ಓದುವುದು, 99ರವರೆಗೆ ಅಂಕಿ. ಎರಡನೆಯದಕ್ಕೆ 999ರವರೆಗೆ. ಮೂರನೇ ಕ್ಲಾಸಿನ ಕೊನೆಗೆ ಅರ್ಥ ಮಾಡಿಕೊಂಡು ನಿಮಿಷಕ್ಕೆ ಕನಿಷ್ಠ 60 ಪದ.

ನನ್ನ ಮೇಜಿನ ಮೇಲೆ ಒಂದು ಉದ್ದ ಪುಸ್ತಕವಿದೆ, ಮಗುವಿಗೊಂದು ಪುಟ. ದಿನಕ್ಕೆ ಐದೇ ಮಕ್ಕಳ ಬಗ್ಗೆ ಒಂದೊಂದು ಸಾಲು, ತಾರೀಕಿನ ಜೊತೆ. 'ಜಾಣ', 'ದಡ್ಡ' ಅಂತ ಬರೆಯುವುದಿಲ್ಲ. 'ಗರಗಸ ಬಿಡಿಸಿ ಓದಿದಳು, ಅರ್ಥ ಕೇಳಿದಳು' ಅಂತ ಬರೆಯುತ್ತೇನೆ. ಪಾಲಕರ ಸಭೆಯಲ್ಲಿ ಆ ಪುಟ ಓದಿದರೆ ಮಾರ್ಕು ಕೇಳುವವರು ಕಡಿಮೆ.

ಪ್ಲಾನ್ ಮಾಡಿದ್ದು ಅರ್ಧಕ್ಕೇ ನಿಲ್ಲುತ್ತೆ. ಮಳೆ ರಜೆ, ಸರ್ವೆ, ಟ್ರೈನಿಂಗ್. ಆಗ ಏನು ಬಿಡೋದು, ಏನು ಇಟ್ಟುಕೊಳ್ಳೋದು?

ವಾರಕ್ಕೆ ಐದು ದಿನದ ಪ್ಲಾನ್ ಬರೆಯಬೇಡಿ. ನಾಲ್ಕು ದಿನದ್ದು ಬರೆಯಿರಿ. ಐದನೆಯ ದಿನ ಹೇಗೂ ಯಾವುದಕ್ಕೋ ಹೋಗುತ್ತದೆ. ಹೋಗದಿದ್ದರೆ ಹಿಂದುಳಿದವರಿಗೆ ಆ ದಿನ.

ಎರಡೇ ಗಂಟೆ ಸಿಕ್ಕರೆ ಕ್ಲಿಪ್ಪು ಎಲ್ಲ ಚಿತ್ರಗಳ ಮೇಲೂ ಹೋಗಲಿ, ಒಂದೊಂದರ ಹೊತ್ತು ಅರ್ಧ ಮಾಡಿ. ಅರ್ಧ ಗಂಟೆ ಮಾತ್ರ ಸಿಕ್ಕರೆ ಮಾತಿನ ಸುತ್ತು ಮತ್ತು ಕಥೆ. ಭಾರೀ ಮಳೆಯಿಂದ ಬೇಗ ಬಿಡುವ ಸೂಚನೆ ಬಂದ ದಿನವೂ ನಾನು ಕ್ಲಿಪ್ಪನ್ನು ಚಪ್ಪಲಿಯ ಚಿತ್ರಕ್ಕೆ ಸರಿಸಲು ಆ ವಾರದ ಮಗುವನ್ನೇ ಕರೆಯುತ್ತೇನೆ. ನಡುವಿನ ಚಿತ್ರಗಳನ್ನು ದಾಟಿ ಒಮ್ಮೆಲೇ ಸರಿಸುವಾಗ ಅದು ನನ್ನ ಮುಖ ನೋಡುತ್ತದೆ. 'ಇವತ್ತು ಮಳೆ, ಅದಕ್ಕೆ. ನಾಳೆ ಎಲ್ಲ ಇರುತ್ತೆ' ಅನ್ನುತ್ತೇನೆ. ಆಮೇಲೆ ರೇನ್‌ಕೋಟ್ ಹಾಕಿಕೊಳ್ಳುತ್ತಾರೆ, ಸಾಲಾಗಿ ಗೇಟಿಗೆ ಹೋಗುತ್ತೇವೆ.